ಫ್ರೆಂಚ್ ಮಾತಿನ ರಾಕ್ ಅಂಡ್ ರೋಲ್

ಫ್ರಾನ್ಸ್‌ನ ರಾಕ್ ಗಾಯಕ ಜಾನಿ ಹಾಲಿಡೇ ಹಾಡುಗಳ ಗುಂಗು ಹಿಡಿದಿದೆ. 1960ರ ದಶಕದ ಫ್ರಾನ್ಸ್‌ನಲ್ಲಿ ಎಷ್ಟೋ ಸಲ ಅಮೆರಿಕ, ಇಂಗ್ಲೆಂಡಿನ ಹಿಟ್ ಹಾಡಿನ ಟ್ಯೂನ್ ಹಾಗೇ ಇಟ್ಟುಕೊಂಡು, ಫ್ರೆಂಚ್ ಸಾಹಿತ್ಯ ಬರೆಸಿ, ಅಲ್ಲಿನ ಹುಡುಗ ಹುಡುಗಿಯರ ಕೈಲಿ ಹಾಡಿಸಿ ರೆಕಾರ್ಡ್ ಬಿಡುತ್ತಿದ್ದರು. 1961ರಲ್ಲಿ ಅಮೆರಿಕದ ಗಾಯಕ ಚಬ್ಬಿ ಚೆಕರ್‌ನ ಟ್ವಿಸ್ಟ್ ಹಾಡನ್ನು ಜಾನಿ ಹಾಡಿದ್ದೂ ಹೀಗೆಯೇ. ಇದನ್ನೆಲ್ಲ ಸುಮ್ನೆ ನಕಲು ಅನ್ನೋದು ನನಗೆ ಒಪ್ಪಿಗೆಯಿಲ್ಲ. 1964ರ 'ಲ ಪೆನಿತಾನ್ಸಿಯೇ' ಒಮ್ಮೆ ಕೇಳಿ. ಇದೇ ಟ್ಯೂನ್‌ಗೆ ಇಂಗ್ಲೆಂಡಿನ ದಿ ಆನಿಮಲ್ಸ್ ತಂಡ ಹಾಡಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ ಊರಿನ ಒಂದು ಮನೆಯ ಕಥೆ, ಇಲ್ಲಿ ಅದು ಜೈಲಿನ ಕಥೆಯಾಗಿದೆ, ಜಾನಿ ದನಿಯಲ್ಲಿ ಎಷ್ಟು ಸಂಕಟ ಇದೆ ಅಂದರೆ ಮೂಲ ಹಾಡಿನ ನೆನಪೇ ಬರುವುದಿಲ್ಲ. ಹಾಡುಗಳು ಫ್ರೆಂಚ್‌ನಿಂದ ಇಂಗ್ಲಿಷ್ ಕಡೆಗೂ ಹೋಗಿವೆ, ಅಲ್ವಾ? ಫ್ರೆಂಚ್ ಗಾಯಕ ಕ್ಲೋಡ್ ಫ್ರಾಂಸ್ವಾನ 1967ರ ಹಾಡಿಗೆ ಕೆನಡಾದ ಗಾಯಕ ಪಾಲ್ ಆಂಕಾ ಇಂಗ್ಲಿಷ್ ಸಾಹಿತ್ಯ ಬರೆದ, ಅದೇ 1969ರಲ್ಲಿ ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾನ 'ಮೈ ವೇ' ಆಯಿತು.