ಮೊದಲು ಪ್ಲೇಯರ್, ಆಮೇಲೆ ಕ್ಯಾಸೆಟ್

ಅಮೆರಿಕದಲ್ಲಿ ಹಿರಿಯರು ತೀರಿಕೊಂಡ ಮೇಲೋ, ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗಲೋ, ಇರುವ ಸಾಮಾನನ್ನೆಲ್ಲ ಮನೆಯಲ್ಲೇ ಹರಡಿ ಮಾರುತ್ತಾರೆ. ಎಸ್ಟೇಟ್ ಸೇಲ್ ಅಂತ ಹೆಸರು. ಮಂಚ, ಬೀರು ನೋಡಲು ಬಂದವರ ಮಧ್ಯೆ ಒಬ್ಬಿಬ್ಬರು ನೇರ ನೆಲಮಾಳಿಗೆಗೆ ಇಳಿದು, ಹಳೇ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ತುಂಬಿದ ರಟ್ಟಿನ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಮೈಸೂರಿನಲ್ಲಿ ನಾವು ಗುಜರಿಗೆ ಹಾಕಿದ ಮಾಲಿಗೆ ಇಲ್ಲಿ ಅಷ್ಟು ಹುಡುಕಾಟ.

ಡಿವಿಡಿಗೆ ಬಾರದೇ ಹೋದ ಸಿನಿಮಾ, ಚಿತ್ರ ಬರೆದ ದೊಡ್ಡ ರಟ್ಟಿನ ಹೊದಿಕೆ, ಬಾಡಿಗೆ ಅಂಗಡಿಯ ಚೀಟಿ, ಇವು ಮಾಮೂಲು. ಪಳಗಿದವರು ಹುಡುಕುವುದು ಬಾಲ್‌ಪೆನ್ನಿನಲ್ಲಿ ಹೆಸರು ಗೀಚಿದ, ಟಿವಿಯಿಂದ ಹಿಡಿದ ಕ್ಯಾಸೆಟ್ಟನ್ನು. ಅದರಲ್ಲಿ ಜಾಹೀರಾತು, ವಾರ್ತೆ, ಹವಾಮಾನ ಎಲ್ಲ ಸಿಕ್ಕಿಕೊಂಡಿರುತ್ತವೆ. ಆ ಲೆಕ್ಕದಲ್ಲಿ ದೂರದರ್ಶನದಿಂದ ಹಿಡಿದ ಜಂಬೂ ಸವಾರಿ, ಮಂಡ್ಯದ ಛತ್ರದಲ್ಲಿ ನಡೆದ ಧಾರೆಯ ವಿಡಿಯೊ ಯಾವ ಸಂಗ್ರಹಕ್ಕೂ ಕಮ್ಮಿಯಲ್ಲ. ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರಬಹುದು.

ಆದರೆ ಕ್ಯಾಸೆಟ್ ಜೋಡಿಸುವ ಮುಂಚೆ ಯಂತ್ರ ಜೋಡಿಸಿಕೊಳ್ಳಿ. ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು. ಈಗ ಇರುವುದೆಲ್ಲ ಹಳೆಯವೇ. ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಟ್ಟ ಟೇಪು ಕಾಯುತ್ತದೆ, ಯಂತ್ರದೊಳಗಿನ ರಬ್ಬರ್ ಕಾಯುವುದಿಲ್ಲ.

ಊರಿನಿಂದ ಹೊರಟವರು ಮದುವೆ ಕ್ಯಾಸೆಟ್ಟನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುತ್ತಾರೆ. ಇಲ್ಲಿ ಓಡುವುದಿಲ್ಲ. ಟಿವಿ ಚಿತ್ರದ ಪದ್ಧತಿಯೇ ಬೇರೆ. ನಮ್ಮದು ಪಾಲ್: 625 ಗೆರೆ, ಸೆಕೆಂಡಿಗೆ 25 ಚಿತ್ರ, ಟೇಪು ಸೆಕೆಂಡಿಗೆ 23.39 ಮಿ.ಮೀ. ಸರಿಯುತ್ತದೆ. ಇಲ್ಲಿಯದು ಎನ್‌ಟಿಎಸ್‌ಸಿ: 525 ಗೆರೆ, ಸುಮಾರು 30 ಚಿತ್ರ, 33.35 ಮಿ.ಮೀ. ಕ್ಯಾಸೆಟ್ ಅದೇ ಆಕಾರ, ಒಳಗಿನ ಲೆಕ್ಕ ಬೇರೆ. ಪ್ಯಾನಸಾನಿಕ್ ಎಜಿ-ಡಬ್ಲ್ಯು1, ಸ್ಯಾಮ್‌ಸಂಗ್ ಎಸ್‌ವಿ-5000ಡಬ್ಲ್ಯು ಇಂಥವು ಎರಡನ್ನೂ ಓದಿ ತಾವೇ ಬದಲಿಸಿ ಕೊಡುತ್ತವೆ, ಹಾಗಾಗಿ ಅವುಗಳಿಗೆ ಗಿರಾಕಿ ಜಾಸ್ತಿ. ಕ್ಯಾಸೆಟ್ ಇಲ್ಲಿಗೆ ಕಳಿಸುವ ಬದಲು ಊರಿನಲ್ಲೇ ಪಾಲ್ ಯಂತ್ರದಲ್ಲಿ ಓಡಿಸಿ ಕಂಪ್ಯೂಟರಿಗೆ ಇಳಿಸುವುದೇ ಮೇಲು. ಕಳಿಸಲೇಬೇಕಾದರೆ ವಿಮಾನ ನಿಲ್ದಾಣದ ಎಕ್ಸ್‌ರೇಗೆ ಹೆದರಬೇಡಿ, ಸ್ಪೀಕರ್ ಪಕ್ಕ ಇಡಬೇಡಿ.

ಅಟ್ಟದಿಂದ ಇಳಿಸಿದ ಕ್ಯಾಸೆಟ್ಟನ್ನು ಹಾಗೇ ತುರುಕಬಾರದು. ಮೊದಲು ಬೆನ್ನಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ನಾಲಿಗೆಯನ್ನು ಮುರಿದುಬಿಡಿ, ಅದಿಲ್ಲದಿದ್ದರೆ ಅಪ್ಪಿತಪ್ಪಿಯೂ ರೆಕಾರ್ಡ್ ಆಗುವುದಿಲ್ಲ. ಆಮೇಲೆ ಕ್ಯಾಸೆಟ್ಟಿನ ಕಿಟಕಿಯ ಮೂಲಕ ಸುರುಳಿ ಕಾಣುವಂತೆ ಬೆಳಕಿಗೆ ಹಿಡಿಯಿರಿ. ಅಂಚಿನ ಮೇಲೆ ವಿಭೂತಿ ಉದುರಿಸಿದ ಹಾಗೆ ಬಿಳಿ ಕಂಡರೆ ಅದು ಬೂಷ್ಟು. ನಾಲೆ ಬಯಲಿನ ಥಂಡಿ ಮನೆಗಳಲ್ಲಿ ಬರುವುದೇ ಹೆಚ್ಚು. ಓಡಿಸಿದರೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬದಲ್ಲಿ ಕೆಲವು ದಿನ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಅಂಗಳದಲ್ಲಿ ಒಣ ಬ್ರಷ್‌ನಿಂದ ಉದುರಿಸಬೇಕು. ನುಸಿಗುಳಿಗೆ ಜೊತೆಯಲ್ಲಿ ಇಡಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗದು.

ಹೆಡ್ ತೊಳೆಯುವುದರಲ್ಲೇ ಬಹಳ ಯಂತ್ರ ಹಾಳಾಗುತ್ತವೆ. ಯಂತ್ರದೊಳಗೆ ಮಿರಿಮಿರಿ ಹೊಳೆಯುವ ಓರೆ ಡ್ರಮ್ಮು ಪಾಲ್‌ನಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಕೂತಿರುವ ಹೆಡ್ ಫೆರೈಟಿನದು, ಗಾಜಿನಷ್ಟೇ ಪೆಡಸು. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಬಿಳಿ ಕಾಗದದ ಚೂರನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿ ಡ್ರಮ್ಮಿಗೆ ಮೆಲ್ಲಗೆ ಒತ್ತಿಟ್ಟುಕೊಳ್ಳಿ. ಕಾಗದ ಹಿಡಿದ ಕೈ ಅಲ್ಲಾಡಬಾರದು. ಇನ್ನೊಂದು ಕೈಯಿಂದ ಡ್ರಮ್ಮಿನ ನೆತ್ತಿಯನ್ನು ತಿರುಗಿಸಿ. ಕಾಗದದ ಮೇಲೆ ಕಂದು ಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಲ್ಲುವವರೆಗೆ ಕಾಗದ ಬದಲಿಸುತ್ತಾ ಹೋಗಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯಿತು ಅಂತಲೇ ಲೆಕ್ಕ. ಹತ್ತಿ ಸುತ್ತಿದ ಕಡ್ಡಿಯಂತೂ ಬೇಡ, ಎಳೆ ಸಿಕ್ಕಿ ಕಿತ್ತು ಬರುತ್ತದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಉರುಳೆ, ಅಂದರೆ ಪಿಂಚ್ ರೋಲರ್‌ಗೆ ಆಲ್ಕೊಹಾಲ್ ಹಚ್ಚಿದರೆ ರಬ್ಬರ್ ಗಟ್ಟಿಯಾಗುತ್ತದೆ, ಅದಕ್ಕೆ ತೆಳು ಸೋಪಿನ ನೀರು ಸಾಕು.

ಯಂತ್ರ ಟೇಪು ತಿನ್ನುವುದಕ್ಕೆ ಬಹುಪಾಲು ಕಾರಣ ರೀಲನ್ನು ತಿರುಗಿಸುವ ಐಡ್ಲರ್ ಚಕ್ರದ ರಬ್ಬರ್ ನುಣುಪಾಗಿರುವುದು. ಟೇಪನ್ನು ಮುಂದಕ್ಕೆ ತಳ್ಳುವ ಕಡ್ಡಿ ತಿರುಗುತ್ತದೆ, ಸುತ್ತಿಕೊಳ್ಳಬೇಕಾದ ರೀಲು ತಿರುಗುವುದಿಲ್ಲ, ನಡುವೆ ಟೇಪು ರಾಶಿ ಬೀಳುತ್ತದೆ. ಎಳೆಯಬೇಡಿ. ಯಂತ್ರದ ಮುಚ್ಚಳ ತೆಗೆದು ಕೈಯಿಂದ ಬಿಡಿಸಿ. ತುಂಡಾಗಿದ್ದರೆ ಕ್ಯಾಸೆಟ್ಟಿನ ಅಡಿಯ 5 ಸ್ಕ್ರೂ ಬಿಚ್ಚಿ, ಹಾಳಾದಷ್ಟನ್ನೇ ಕತ್ತರಿಸಿ, ಅರ್ಧ ಇಂಚಿನ ಸ್ಪ್ಲೈಸಿಂಗ್ ಟೇಪಿನಿಂದ ಹೆಡ್‌ಗೆ ತಾಗದ ಬದಿಗೆ ಅಂಟಿಸಿ. ಮನೆಯ ಸೆಲೊಟೇಪಿನ ಅಂಟು ಕರಗಿ ಹೆಡ್ ಹಿಡಿಯುತ್ತದೆ. ಟೇಪಿನ ಎರಡು ತುದಿಯ ಪಾರದರ್ಶಕ ಪಟ್ಟಿಯನ್ನು ಎಸೆಯಬೇಡಿ, ಅದರ ಮೂಲಕ ಬೆಳಕು ಹಾಯ್ದಾಗಲೇ ಟೇಪು ಮುಗಿಯಿತೆಂದು ಯಂತ್ರಕ್ಕೆ ಗೊತ್ತಾಗುವುದು.

ಪಾಲ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಚಿತ್ರ 720 ಗುಣಿಸು 576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್ ಇರಲಿ, ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆ ತೋರಿಸುವ ಕ್ರಮ) ಹಾಗೇ ಇರಲಿ. ಗುಣಮಟ್ಟ ಕಳೆಯದೆ ಕುಗ್ಗಿಸುವ ಕೋಡೆಕ್ ಆದರೆ ಗಂಟೆಗೆ 30ರಿಂದ 40 ಜಿಬಿ ಬೇಕು, ಡಿವಿ ಎಂಬ ಡಿಜಿಟಲ್ ನಮೂನೆ ಆದರೆ 13. ವಿಡಿಯೊ ಇಳಿಸುವ ಅಗ್ಗದ ಯುಎಸ್‌ಬಿ ಡಾಂಗಲ್‌ಗಳಲ್ಲಿ ಫ್ರೇಮ್ ಬಿದ್ದುಹೋಗಿ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ನಡುವೆ ಟೇಪಿನ ಸಂಕೇತದ ಸಮಯವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಪೆಟ್ಟಿಗೆ ಇಟ್ಟರೆ ಕಡಿಮೆಯಾಗುತ್ತದೆ. ಅದು ದುಬಾರಿಯಾದ್ದರಿಂದ ಇಲ್ಲಿಯವರು ಪ್ಯಾನಸಾನಿಕ್ ಡಿಎಂಆರ್-ಇಎಸ್10 ಎಂಬ ಹಳೇ ಡಿವಿಡಿ ರೆಕಾರ್ಡರ್ ಮೂಲಕ ಹಾಯಿಸುತ್ತಾರೆ. ನಡುಗುವ ಗೆರೆಗಳು ಗಮನಕ್ಕೆ ಬರುವಷ್ಟು ನೆಟ್ಟಗಾಗುತ್ತವೆ.

ಬೀಟಾಮ್ಯಾಕ್ಸ್ ಕ್ಯಾಸೆಟ್, 30 ಸೆಂ.ಮೀ. ಅಗಲದ ಲೇಸರ್‌ಡಿಸ್ಕ್, ಗ್ರಾಮಫೋನಿನಂತೆ ಮುಳ್ಳಿನಿಂದ ಓದುವ ಆರ್‌ಸಿಎ ಕಂಪನಿಯ ಸಿಇಡಿ ಡಿಸ್ಕ್, ಇವೆಲ್ಲ ಇಲ್ಲಿಯ ಚಟ. ನಮ್ಮ ಊರಿನ ಸ್ವಂತ ಸಂಗ್ರಹ ಎಂದರೆ ವಿಸಿಡಿ, ಅಂದರೆ ಸಿಡಿಯಲ್ಲಿ ತುಂಬಿದ ವಿಡಿಯೊ. ಒಂದು ಡಿಸ್ಕಿಗೆ 74 ನಿಮಿಷ, ಎರಡೂವರೆ ಗಂಟೆಯ ಸಿನಿಮಾಕ್ಕೆ ಮೂರು ಡಿಸ್ಕು. ಕಂಪನಿಯಲ್ಲಿ ಅಚ್ಚಾದದ್ದು ಬಾಳುತ್ತದೆ. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕಿನ ಬಣ್ಣದ ಪದರ ಮಾಸುತ್ತದೆ. ಅಂಥದ್ದಿದ್ದರೆ ಡಿಸ್ಕಿನ ಎಂಪೆಗ್‌ಎವಿ (MPEGAV) ಫೋಲ್ಡರಿನ ಡ್ಯಾಟ್ (.DAT) ಫೈಲನ್ನು ಇವತ್ತೇ ನಕಲು ಮಾಡಿಕೊಳ್ಳಿ.

ಇನ್ನು, ಗುಜರಿಯವನು ಬಂದಾಗ ಕೆಟ್ಟುಹೋದ ವಿಸಿಪಿಯನ್ನೂ (ಕ್ಯಾಸೆಟ್ ಪ್ಲೇಯರನ್ನೂ) ಕೊಡಬೇಡಿ. ಅದೇ ಮಾಡೆಲ್ಲಿನ ಇನ್ನೊಂದಕ್ಕೆ ಅದರ ಮೋಡ್ ಸ್ವಿಚ್, ರೋಲರ್, ಕ್ಯಾಸೆಟ್ ಹಿಡಿಯುವ ತಟ್ಟೆ ಆಗುತ್ತವೆ. ರಿಮೋಟ್ ಇದ್ದರೆ ಸೆಲ್ ತೆಗೆದು ಯಂತ್ರದ ಜೊತೆಗೇ ಕಟ್ಟಿಡಿ.