ಘಟ್ಟದ ಮೇಲಿನ ನೆಂಟರು, ಮಂಗಳೂರಿನ ಹೊಸ ಮೀನು ಹೋಟೆಲು

ಮೈಸೂರು, ಹಾಸನ, ತುಮಕೂರು ಕಡೆಯಿಂದ ಚಿಕ್ಕಮ್ಮನೋ ಭಾವನೋ ಮಂಗಳೂರಿಗೆ ಬಂದರೆಂದರೆ ಮನೆಯಲ್ಲಿ ಮೊದಲು ಏಳುವ ಮಾತು ಇದೇ: "ಅಲ್ಲೊಂದು ಹೊಸ ಮೀನು ಹೋಟೆಲ್ ಆಗಿದೆಯಂತೆ, ಇವರನ್ನೂ ಕರ್ಕೊಂಡು ಹೋಗುವ." ಹೋಗಲೇಬೇಕು. ಆದರೆ ಇಂಥ ಊಟ ಕೆಡುವುದು ಹೆಚ್ಚಾಗಿ ಹೋಟೆಲ್ ಆರಿಸಿದ್ದರಲ್ಲಿ ಅಲ್ಲ, ಮೀನು ಆರಿಸಿದ್ದರಲ್ಲಿ. ನಮಗೆ ಪ್ರೀತಿ ಎಂದು ಬೂತಾಯಿ (ಸಾರ್ಡೀನ್) ಮೀನಿನ ಪುಳಿಮುಂಚಿಯನ್ನೇ ಅವರ ಮುಂದೂ ಇಡಿಸುತ್ತೇವೆ. ಕೂದಲಿನಷ್ಟು ಸಪೂರ ಮುಳ್ಳು, ಮೇಲೆ ಹುಣಸೆಯ ಹುಳಿ, ಖಾರ. ನಾಲ್ಕು ತುತ್ತಿಗೆ ಅವರು ತಟ್ಟೆ ಸರಿಸಿ "ನಮಗೆ ಮೀನು ಅಷ್ಟಾಗಿ ಒಗ್ಗಲ್ಲಪ್ಪ" ಎಂದುಬಿಡುತ್ತಾರೆ. ಅವರಿಗೆ ಒಗ್ಗದ್ದು ಮೀನಲ್ಲ, ಮುಳ್ಳು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಘಟ್ಟ ಇಳಿದು ಬರುವ ಕುಟುಂಬಗಳು ಸಾಮಾನ್ಯವಾಗಿ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು ಎಂದು ಸೇರಿಸಿಕೊಂಡೇ ಬರುತ್ತವೆ. ದೇವಸ್ಥಾನ ಮುಗಿಯುವ ತನಕ ಮೀನಿನ ಮಾತೇ ಇಲ್ಲ. ಕೆಲವರು ಸೋಮವಾರ ತಿನ್ನುವುದಿಲ್ಲ, ಕೆಲವರಿಗೆ ಶನಿವಾರ ಇಲ್ಲ, ಶ್ರಾವಣದಲ್ಲಿ ತಿಂಗಳಿಡೀ ಬಿಡುವವರೂ ಇದ್ದಾರೆ. ಟೇಬಲ್ ಮುಂದೆ ಕೂತ ಮೇಲೆ ಇದು ಗೊತ್ತಾದರೆ ಇಬ್ಬರಿಗೂ ಮುಜುಗರ. "ಅತ್ತೆ, ಯಾವ ವಾರ ತಿನ್ನಲ್ಲ ನೀವು?" ಎಂದು ಬಂದ ದಿನವೇ ಕೇಳಿಬಿಡಿ. ಇನ್ನೊಂದು, ಬಂದ ದಿನವೇ ಮಧ್ಯಾಹ್ನ ಮೀನೂಟ ಬೇಡ. ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದವರಿಗೆ ತೆಂಗಿನಕಾಯಿ ಮಸಾಲೆ, ತೆಂಗಿನೆಣ್ಣೆ ಎರಡೂ ಭಾರ. ಅವತ್ತು ಗಂಜಿ, ಚಟ್ನಿ, ಒಂದು ಹಪ್ಪಳ ಸಾಕು. ಮೀನು ಮಾರನೆಯ ದಿನಕ್ಕಿರಲಿ.

ತಿಂಗಳೂ ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದ ಮೀನು ಸ್ವಲ್ಪ ಸಿಗುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆ ಕಡೆಯ ಮೀನು ಐಸಿನಲ್ಲಿ ಲಾರಿ ಹತ್ತಿ ಬರುತ್ತದೆ. ಹಾಗಾಗಿ ಮಕ್ಕಳ ರಜೆ ಮುಗಿಯುವ ಹೊತ್ತಿಗೆ ಜೂನ್‌ನಲ್ಲಿ ಬಂದ ನೆಂಟರಿಗೆ ಅಂಜಲ್ (ಸುರಮಯಿ) ಮೀನಿನ ತವಾ ಫ್ರೈಯನ್ನೇ ತಿನ್ನಿಸಬೇಕೆಂದು ಹಟ ಹಿಡಿಯಬೇಡಿ. ದುಡ್ಡು ಜಾಸ್ತಿ, ರುಚಿ ಕಡಿಮೆ. ಮಳೆಗಾಲದಲ್ಲಿ ಕೋಳಿ ಗಸಿ (ಕಾಯಿ ಮಸಾಲೆ ರುಬ್ಬಿ ಹಾಕಿದ ಗಟ್ಟಿ ಸಾರು), ಕೋರಿ ರೊಟ್ಟಿ, ಒಣಮೀನಿನ ಚಟ್ನಿ ಇವೇ ಸರಿ. ಸಸ್ಯಾಹಾರಿ ಹೋಟೆಲಿಗೆ ಹೋದರೆ ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಪತ್ರೊಡೆ, ಅಂದರೆ ಕೆಸುವಿನ ಎಲೆಯ ತಿಂಡಿ, ತಿನ್ನಿಸಿ; ಬೇರೆ ಕಾಲದಲ್ಲಿ ಹುಡುಕಿದರೂ ಅದು ಸುಲಭಕ್ಕೆ ಸಿಗುವುದಿಲ್ಲ.

ಹೊಸ ಹೋಟೆಲಿಗೆ ನೆಂಟರ ಜೊತೆಯೇ ಮೊದಲ ಬಾರಿ ಹೋಗುವುದಾದರೆ ಒಂದು ಪರೀಕ್ಷೆ ಇದೆ. ಇಡೀ ಊಟಕ್ಕೆ ಒಮ್ಮೆಗೇ ಆರ್ಡರ್ ಕೊಡಬೇಡಿ. ಮೊದಲು ಒಂದು ಪ್ಲೇಟ್ ನೀರುದೋಸೆ, ಒಂದು ಗಸಿ, ಒಂದು ತವಾ ಫ್ರೈ, ಇಷ್ಟೇ ಹೇಳಿ. ಈ ಮೂರರಲ್ಲಿ ಅಡುಗೆಮನೆಯ ಕೈ ಗೊತ್ತಾಗುತ್ತದೆ. ನೀರುದೋಸೆಯ ಹಿಟ್ಟು ಹುದುಗು ಬರಿಸುವಂಥದ್ದಲ್ಲ, ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರಾಗಿಸಿ ಆಗಲೇ ಹೊಯ್ಯುವುದು. ಚೆನ್ನಾಗಿದ್ದರೆ ಬಿಸಿ ಇರುವಾಗ ಮಡಿಕೆ ಬಿಡಿಸಿದರೆ ಬಿಡಿಸಿಕೊಳ್ಳುತ್ತದೆ, ಮೈತುಂಬಾ ಸಣ್ಣ ತೂತು. ನಾಲ್ಕೂ ದೋಸೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ ಬಂದರೆ ಮೊದಲೇ ಹೊಯ್ದು ಪೇರಿಸಿಟ್ಟದ್ದು. ತವಾ ಫ್ರೈ ಹೇಳಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ತಡವಾದರೆ ಬೇಸರ ಬೇಡ, ಅದು ಒಳ್ಳೆಯ ಲಕ್ಷಣ. ಮೂರೇ ನಿಮಿಷಕ್ಕೆ ಬಂದು, ಮೀನಿನ ಅಂಚು ಗಟ್ಟಿಯಾಗಿ ನಡುವೆ ಒಣಗಿದ್ದರೆ ಬೆಳಗ್ಗೆ ಕಾಯಿಸಿದ್ದನ್ನು ಮತ್ತೆ ಬಿಸಿ ಮಾಡಿದ್ದಾರೆ.

ಗಸಿಯನ್ನು ಸ್ವಲ್ಪ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ, ಕಾಯಿ ಸೇರಿಸಿ ರುಬ್ಬಿದ್ದು ನಾಲಿಗೆಗೆ ನುಣ್ಣಗೆ ಹತ್ತಬೇಕು. ಕಾಯಿಯ ತರಿ ಹಲ್ಲಿಗೆ ಸಿಕ್ಕಿದರೆ ಅರೆದದ್ದು ಸಾಲದು. ಮೆಂತೆ ಹೆಚ್ಚು ಹುರಿದಿದ್ದರೆ ಕೊನೆಯಲ್ಲಿ ಕಹಿ ಉಳಿಯುತ್ತದೆ. ಬಂಗುಡೆ ಗಸಿಗೂ ಕೋಳಿ ಗಸಿಗೂ ಸಿಗಡಿ ಗಸಿಗೂ ಒಂದೇ ರುಚಿ ಎಂದಾದರೆ ಒಂದೇ ಪಾತ್ರೆಯ ಮಸಾಲೆಯನ್ನು ಮೂರಕ್ಕೂ ಹೊಯ್ಯುತ್ತಿದ್ದಾರೆ. ಅಂಥಲ್ಲಿ ಮುಂದಕ್ಕೆ ಕಾಯಿಸಿದ ಮೀನು ಮಾತ್ರ ಹೇಳಿ, ಗಸಿಯಂಥ ಪದಾರ್ಥ ಬೇಡ. ದೋಸೆ, ಗಸಿ, ಫ್ರೈ ಮೂರೂ ಸರಿ ಇದ್ದರೆ ಉಳಿದದ್ದನ್ನು ಧೈರ್ಯವಾಗಿ ತರಿಸಿ.

ಕೆಂಪು ಬಣ್ಣ ನೋಡಿಯೇ ಘಟ್ಟದ ಮೇಲಿನವರು ಬೆದರುತ್ತಾರೆ. ಬ್ಯಾಡಗಿ ಮೆಣಸು ಬಣ್ಣ ಕೊಡುವಷ್ಟು ಖಾರ ಕೊಡುವುದಿಲ್ಲ ಎಂದು ಮೊದಲೇ ಹೇಳಿಡಿ. ಖಾರಕ್ಕಿಂತ ಅವರನ್ನು ಕಾಡುವುದು ಹುಳಿ. ಆದ್ದರಿಂದ ಮೊದಲ ಸಲಕ್ಕೆ ಪುಳಿಮುಂಚಿ ಬೇಡ, ಹೆಸರಲ್ಲೇ ಹುಳಿಯೂ ಮೆಣಸೂ ಇದೆ, ಕಾಯಿ ಇಲ್ಲದಂತೆಯೇ ಮಾಡುವುದರಿಂದ ಎರಡೂ ನೇರ ಹೊಡೆಯುತ್ತವೆ. ಗಸಿ, ಸುಕ್ಕ (ಕಾಯಿತುರಿ ಹಾಕಿದ ಒಣ ಪಲ್ಯದಂಥದ್ದು), ಇಲ್ಲವೇ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಿಂದ ಹೆಸರಾದ ಗೀ ರೋಸ್ಟ್ ಹೇಳಿ. ತುಪ್ಪದಲ್ಲಿ ಹುರಿದ ಮಸಾಲೆ ಬೇಗ ಹೊಟ್ಟೆ ತುಂಬಿಸುತ್ತದೆ, ನಾಲ್ಕು ಜನಕ್ಕೆ ಒಂದು ಪ್ಲೇಟ್ ಧಾರಾಳ.

ಈಗ ಮೀನಿಗೆ ಬರೋಣ. ಮುಳ್ಳಿನ ಅಭ್ಯಾಸವೇ ಇಲ್ಲದವರಿಗೆ ಅಂಜಲ್. ಅಡ್ಡ ಕೊಯ್ದ ತುಂಡಿನ ನಡುವೆ ಒಂದು ಮೂಳೆ, ಅದನ್ನು ತೆಗೆದಿಟ್ಟರೆ ಉಳಿದದ್ದು ಹೆಚ್ಚುಕಮ್ಮಿ ಬರೀ ಮಾಂಸ. ದುಬಾರಿ, ಆದರೆ ಮೊದಲ ದಿನಕ್ಕೆ ಅಷ್ಟು ಖರ್ಚು ಮಾಡಬಹುದು. ಕಾಣೆಯೂ ಒಳ್ಳೆಯದೇ, ಮೃದು ಮೀನು, ನಡುಮುಳ್ಳು ಹಿಡಿದೆಳೆದರೆ ಉದ್ದಕ್ಕೆ ಬರುತ್ತದೆ. ಹೆಚ್ಚು ವಾಸನೆ ಆಗದವರಿಗೆ ಕಾಣೆ ರವಾ ಫ್ರೈ ಹೇಳಿ. ರವೆಯ ಗರಿ ಮೇಲಿದ್ದರೆ ಮಸಾಲೆ ನೇರ ನಾಲಿಗೆಗೆ ತಾಗುವುದಿಲ್ಲ. ಬೂತಾಯಿಯನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಿ.

ಬಂಗುಡೆ ಮಾತ್ರ ಬಿಡಬೇಡಿ, ಮಂಗಳೂರಿಗೆ ಬಂದು ಬಂಗುಡೆ ತಿನ್ನದೆ ಹೋಗುವುದೆಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಿಡಿಸುವುದನ್ನು ತಟ್ಟೆಯಲ್ಲೇ ತೋರಿಸಿಕೊಡಿ. ಮೀನನ್ನು ಮಗ್ಗುಲಾಗಿ ಮಲಗಿಸಿ. ತಲೆಯಿಂದ ಬಾಲದವರೆಗೆ ಪಕ್ಕದ ನಡುಮಧ್ಯೆ ಒಂದು ಗೆರೆ ಕಾಣುತ್ತದೆ, ಅಲ್ಲಿ ಹೆಬ್ಬೆರಳಿನ ಉಗುರು ಒತ್ತಿ ಸೀಳಿ. ಮೇಲಿನ ಅರ್ಧವನ್ನು ಬೆನ್ನಿನ ಕಡೆಗೆ, ಕೆಳಗಿನ ಅರ್ಧವನ್ನು ಹೊಟ್ಟೆಯ ಕಡೆಗೆ ನಿಧಾನ ಸರಿಸಿ. ಈಗ ನಡುಮುಳ್ಳು ಬರಿದಾಗಿ ಕಾಣುತ್ತದೆ. ಬಾಲದ ತುದಿಯಲ್ಲಿ ಹಿಡಿದು ತಲೆಯ ಕಡೆಗೆ ಎತ್ತಿದರೆ ಇಡೀ ಬಾಚಣಿಗೆಯಂತೆ ಎದ್ದು ಬರುತ್ತದೆ. ಹೊಟ್ಟೆಯ ಭಾಗದಲ್ಲಿ ಮಾತ್ರ ಬಾಗಿದ ಮುಳ್ಳುಗಳು ಮಾಂಸದಲ್ಲೇ ಉಳಿಯುತ್ತವೆ, ಅದನ್ನು ಬೆರಳಲ್ಲಿ ತಡವಿ ತೆಗೆದ ಮೇಲೆ ಬಾಯಿಗೆ. ಅನ್ನದ ಜೊತೆ ಕಲಸಿ ತಿನ್ನಲು ಬಿಡಬೇಡಿ. ಕಲಸಿದ ಅನ್ನದಲ್ಲಿ ಮುಳ್ಳು ಬೆರಳಿಗೂ ಸಿಗದು, ನಾಲಿಗೆಗೂ ಸಿಗದು, ನೇರ ಗಂಟಲಿಗೆ ಸಿಗುತ್ತದೆ. ಗಂಟಲಿಗೆ ಹೊಕ್ಕಿತೆಂದರೆ ಅನ್ನದ ಉಂಡೆ ನುಂಗಿಸುವ ಹಳೆಯ ಉಪಾಯ ಮಾಡಬೇಡಿ, ಮುಳ್ಳು ಇನ್ನೂ ಆಳಕ್ಕೆ ನಾಟಬಹುದು. ಕೆಮ್ಮಿದರೂ ಹೋಗದೆ ಚುಚ್ಚುತ್ತಲೇ ಇದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಹೋಗಿ.

ಬಂಗುಡೆ, ಬೂತಾಯಿ ಜಾತಿಯ ಮೀನನ್ನು ಐಸಿಲ್ಲದೆ ಹೊರಗಿಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ, ಬೇಯಿಸಿದರೂ ಕಾಯಿಸಿದರೂ ಅದು ಹೋಗುವುದಿಲ್ಲ. ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ, ಮಸಾಲೆಯ ಖಾರವಲ್ಲದ ಒಂದು ಉರಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ ಮೈ ತುರಿಸಬಹುದು, ಉಸಿರಾಟ ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ. ಸಿಗಡಿ, ಮರುವಾಯಿ (ಚಿಪ್ಪುಮೀನು), ಏಡಿ ಜೀವಮಾನದಲ್ಲಿ ತಿನ್ನದವರಿಗೆ ಮೊದಲು ಒಂದೆರಡು ತುಂಡು ಮಾತ್ರ ಕೊಡಿ. ಅಲರ್ಜಿ ಇದ್ದರೆ ಅಷ್ಟರಲ್ಲೇ ತಿಳಿಯಲೂಬಹುದು, ತಿಳಿಯದೆಯೂ ಇರಬಹುದು. ಕಬಾಬ್ ಕಣ್ಣು ಕುಕ್ಕುವಷ್ಟು ಕೆಂಪಗಿದ್ದರೆ ಬಿಟ್ಟುಬಿಡಿ. ಕೋಳಿ, ಮೀನು ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ.

ಅನ್ನದ ವಿಷಯ. ಮೀನೂಟ ಎಂದರೆ ಇಲ್ಲಿ ಕುಚ್ಚಲಕ್ಕಿ ಅನ್ನವನ್ನೇ ಬಡಿಸುವ ಹೋಟೆಲುಗಳು ಬಹಳ. ಸೋನಾ ಮಸೂರಿ ಉಂಡವರಿಗೆ ಅದರ ದಪ್ಪ ಕಾಳು "ಬೆಂದಿಲ್ಲ" ಅನಿಸುತ್ತದೆ. "ಬೆಳ್ತಿಗೆ ಉಂಟಾ?" (ಬಿಳಿ ಅಕ್ಕಿಯ ಅನ್ನ) ಎಂದು ಕೇಳಿ ಅದನ್ನು ಹಾಕಿಸಿ, ಕುಚ್ಚಲಕ್ಕಿ ರುಚಿಗೆ ಒಂದು ಸೌಟು ಮಾತ್ರ. ಊಟದ ಬೆಲೆಯಲ್ಲಿ ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ ಇಂಥವು ಸೇರಿರುತ್ತವೆ. ಕಾಯಿಸಿದ ಮೀನು ಬೇರೆ ಲೆಕ್ಕ. ಸಾರಿನಲ್ಲಿ ತುಂಡು ಇರಲೇಬೇಕೆಂದಿಲ್ಲ. ಇದನ್ನು ನೆಂಟರಿಗೆ ಮೊದಲೇ ಹೇಳಿದರೆ ಬರೀ ಸಾರು ಬಂದಾಗ ಅವರು ಪೆಚ್ಚಾಗುವುದಿಲ್ಲ. ಕೋರಿ ರೊಟ್ಟಿ ತರಿಸಿದರೆ ಹೆಸರು ಕೇಳಿ ಜೋಳದ ರೊಟ್ಟಿಯಂತೆ ಮುರಿದು ಅದ್ದಿ ತಿನ್ನಲು ಹೊರಡುತ್ತಾರೆ. ಅದು ಅಕ್ಕಿಯ ಒಣ ಗರಿ. ತಟ್ಟೆಯಲ್ಲಿ ಪುಡಿ ಮಾಡಿ, ಬಿಸಿ ಗಸಿ ಮುಳುಗುವಷ್ಟು ಹೊಯ್ದು, ಎರಡು ನಿಮಿಷ ಬಿಟ್ಟು, ಕೆಳಗೆ ಮೆತ್ತಗೆ ಮೇಲೆ ಇನ್ನೂ ಕರುಮುರು ಇರುವಾಗ ಉಣ್ಣಬೇಕು. ಗಸಿ ಕಡಿಮೆಯಾದರೆ ಗಂಟಲು ಹಿಡಿಯುತ್ತದೆ, ಇನ್ನೊಂದು ಬಟ್ಟಲು ಕೇಳಿ.

ನಾಲ್ಕು ಜನಕ್ಕೆ ಅಳತೆ: ಎರಡು ಊಟ, ಎರಡು ಪ್ಲೇಟ್ ನೀರುದೋಸೆ, ಒಂದು ಗಸಿ, ಅಂಜಲ್ ಎರಡು ತುಂಡು, ಬಂಗುಡೆ ಎರಡು, ಕಾಣೆ ರವಾ ಫ್ರೈ ಒಂದು ಪ್ಲೇಟ್. ಸಾಲದಿದ್ದರೆ ಮತ್ತೆ ಹೇಳಬಹುದು. ಮಧ್ಯಾಹ್ನ ಹನ್ನೆರಡೂವರೆಗೆ ಕೂತರೆ ಎಲ್ಲ ಮೀನೂ ಇರುತ್ತದೆ, ಎರಡೂವರೆಯ ಮೇಲೆ ಹೋದರೆ ಉಳಿದದ್ದೇ ಗತಿ. "ಯಾವ ಮೀನು ಚೆನ್ನಾಗಿದೆ?" ಎಂದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾರೆ. "ಇವತ್ತು ಧಕ್ಕೆಯಿಂದ (ಮೀನು ಇಳಿಸುವ ಬಂದರು) ಯಾವುದು ಬಂದಿದೆ?" ಎಂದು ಕೇಳಿ, ಉತ್ತರ ಬೇರೆ ಇರುತ್ತದೆ. ಕೆಲವು ಕಡೆ ಮಸಾಲೆ ಹಚ್ಚಿದ ಮೀನನ್ನು ಟ್ರೇಯಲ್ಲಿ ತಂದು ತೋರಿಸುತ್ತಾರೆ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ಎ.ಪಿ.ಎಸ್. ಎಂದಿದ್ದರೆ ಗಾತ್ರ ನೋಡಿ ಬೆಲೆ ಎಂದರ್ಥ. ಮಾಂಜಿ (ಪಾಂಫ್ರೆಟ್), ಅಂಜಲ್, ಏಡಿಗೆ ಇದು ಸಾಮಾನ್ಯ. ಕಾಯಿಸುವ ಮೊದಲೇ, ಆ ಮೀನನ್ನೇ ಬೆರಳಿಟ್ಟು ತೋರಿಸಿ, ರೂಪಾಯಿ ಎಷ್ಟೆಂದು ಕೇಳಿ. ಅತಿಥಿಗಳ ಎದುರು ಬೆಲೆ ಕೇಳಲು ಸಂಕೋಚಪಟ್ಟವರೇ ಬಿಲ್ ನೋಡಿ ಬೆವರುವುದು.

ಬಿಲ್ಲಿನಲ್ಲಿ ಇಂಥ ಹೋಟೆಲುಗಳಿಗೆ ಜಿಎಸ್‌ಟಿ ಶೇ 5. ಹೋಟೆಲ್ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ, ಹಾಗೆಂದು ಬಿಲ್ಲಿನಲ್ಲೇ ಬರೆದಿರಬೇಕು. ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಬಹುದು, ಅದು ಕಡ್ಡಾಯವಲ್ಲ.

ಬಂದವರಲ್ಲಿ ಒಬ್ಬರು ಸಸ್ಯಾಹಾರಿ ಇದ್ದರೆ ಮೀನು ಹೋಟೆಲಿನಲ್ಲಿ ಅವರಿಗೆ ಅನ್ನ ಮೊಸರು ಹಾಕಿಸಿ ಕೂರಿಸುವುದು ಅನ್ಯಾಯ. ತವಾ ಒಂದೇ, ಸೌಟೂ ಒಂದೇ ಆಗಿರಬಹುದು. ಸಂಜೆ ಅವರಿಗೆಂದೇ ಬೇರೆ ಹೋಟೆಲಿಗೆ ಹೋಗಿ: ಬಿಸಿ ಗೋಳಿಬಜೆ (ಮೈದಾ ಬೋಂಡ), ಬಾಳೆಹಣ್ಣು ಹಾಕಿದ ಬನ್ಸ್, ಮುಂಡೇವು (ಕೇದಗೆ ಜಾತಿಯ) ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿಯಂಥ ಮೂಡೆ. ಬನ್ಸ್ ಸಿಹಿ ಇರುತ್ತದೆಂದು ಹೇಳಿಯೇ ಕೊಡಿ, ಪೂರಿ ಎಂದುಕೊಂಡು ಪಲ್ಯ ಕೇಳುವವರಿದ್ದಾರೆ. ರಾತ್ರಿ ಗಡ್‌ಬಡ್ (ಹಣ್ಣು, ಜೆಲ್ಲಿ, ಗೋಡಂಬಿ ಸೇರಿಸಿ ಲೋಟದಲ್ಲಿ ಕೊಡುವ ಐಸ್‌ಕ್ರೀಮು) ತಿನ್ನಲು ಐಡಿಯಲ್‌ಗೆ ಹೋಗುವುದಾದರೆ (1975ರಿಂದ ಇರುವ ಊರಿನದೇ ಐಸ್‌ಕ್ರೀಮು) ಇಬ್ಬರಿಗೆ ಒಂದು ಲೋಟ ಸಾಕು. ಉದ್ದ ಚಮಚ ಎರಡು ಕೇಳಿ, ತಳದ ಜೆಲ್ಲಿಯಿಂದ ಮೇಲಿನ ಗೋಡಂಬಿಯವರೆಗೆ ಒಂದೇ ಬಾರಿಗೆ ಬರುವಂತೆ ಆಳಕ್ಕೆ ಹಾಕಿ ಎತ್ತಬೇಕು.