ನೀಲ್ ದ್ವೀಪದಲ್ಲಿ ನಾಲ್ಕು ಊರು

ಹಾಸ್ಟೆಲ್‌ನಲ್ಲಿ ನಮ್ಮನ್ನು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ಇಪ್ಪತ್ತೆರಡು ವರ್ಷ ಆದರೂ ಅದೇ ನಿಂತುಬಿಟ್ಟಿದೆ. ಗದಗ, ಶಿರಸಿ, ಮಂಡ್ಯ, ಮತ್ತೆ ನಾನು ತಿಪಟೂರು. ಕಳೆದ ಫೆಬ್ರವರಿಯಲ್ಲಿ ಗಂಡ, ಮಕ್ಕಳು, ಅತ್ತೆ ಎಲ್ಲರನ್ನೂ ಬಿಟ್ಟು ಈ ನಾಲ್ಕೂ ಊರು ಅಂಡಮಾನಿಗೆ ಹೊರಟವು.

ಈಗ ಶ್ರೀ ವಿಜಯಪುರಂ ಆಗಿರುವ ಪೋರ್ಟ್ ಬ್ಲೇರ್‌ನಿಂದ ಸರ್ಕಾರಿ ಹಡಗಿನಲ್ಲಿ ಎರಡು ಗಂಟೆ ಹೋದರೆ ನೀಲ್ ದ್ವೀಪ. 2018ರಲ್ಲಿ ಶಹೀದ್ ದ್ವೀಪ ಅಂತ ಹೆಸರು ಬದಲಾಗಿದೆ. ಆದರೆ ಅಲ್ಲಿ ಮಾತಾಡಿಸಿದವರೆಲ್ಲ ನೀಲ್ ಅಂತಲೇ ಅಂದರು, ನಾನೂ ಹಾಗೇ ಬರೀತೀನಿ.

ಗದಗಳದು ಆಡಿಟ್ ಕೆಲಸ. ಪ್ರವಾಸಕ್ಕೂ ಎಕ್ಸೆಲ್ ಶೀಟ್ ಮಾಡಿದ್ದಳು. 8.00 ಕಲ್ಲಿನ ಸೇತುವೆ. 10.00 ಭರತಪುರದಲ್ಲಿ ಗಾಜಿನ ತಳದ ದೋಣಿ. 12.30 ಊಟ. ವಿಶ್ರಾಂತಿಗೂ ಒಂದು ಸಾಲು ಇತ್ತು, ನಲವತ್ತೈದು ನಿಮಿಷ.

ಎಂಟಕ್ಕೆ ಸರಿಯಾಗಿ ಲಕ್ಷ್ಮಣಪುರದ ಎರಡನೇ ಬೀಚಿನ ಹತ್ತಿರ ಸ್ಕೂಟರ್ ನಿಲ್ಲಿಸಿದೆವು. ನಿಂಬೆಹಣ್ಣಿನ ಶರಬತ್ತು ಮಾರುತ್ತಿದ್ದ ಹುಡುಗ ನಮ್ಮನ್ನು ನೋಡಿ ನಕ್ಕ. "ದೀದಿ, ನೀರು ಏರ್ತಿದೆ. ಸೇತುವೆ ಹತ್ತಿರ ಹೋಗೋಕಾಗಲ್ಲ. ಮೂರು ಗಂಟೆಗೆ ಬನ್ನಿ" ಅಂದ, ಹಿಂದಿಯಲ್ಲಿ. ಅವತ್ತು ಅಮಾವಾಸ್ಯೆ. ಸಮುದ್ರದ ಏರಿಳಿತ ಜಾಸ್ತಿ ಇರುವ ದಿನ.

"ಅಮಾಸೆ ದಿನ ಸಮುದ್ರ ನೋಡಕ್ ಬಂದಿದ್ದೀವಲ್ಲ, ನಮ್ಮವ್ವಂಗೆ ಗೊತ್ತಾದ್ರೆ ಮುಗೀತು" ಅಂದಳು ಮಂಡ್ಯ.

ಗದಗ ಫೋನಿನಲ್ಲಿ ಸಾಲುಗಳನ್ನು ಮೇಲೆ ಕೆಳಗೆ ಮಾಡಲು ನೋಡಿದಳು. ಶಿರಸಿ ಅವಳ ಕೈಯಿಂದ ಫೋನ್ ಕಿತ್ತು ಚೀಲಕ್ಕೆ ಹಾಕಿಕೊಂಡಳು. "ಸಾಕು ಮಾರಾಯ್ತಿ, ಸಮುದ್ರಕ್ಕೆ ನಿನ್ ಶೀಟ್ ಓದಕ್ಕೆ ಬರ್ತಿಲ್ಲೆ."

ಆಮೇಲೆ ಏಳು ಗಂಟೆ ಕಾಲ ನಾವು ಏನೂ ಮಾಡಲಿಲ್ಲ. ಬೀಚಿನ ಅಂಚಿನ ಮರದ ಕೆಳಗೆ ಚಾಪೆ ಹಾಸಿ ಮಲಗಿದೆವು. ಪಕ್ಕದಲ್ಲೇ ಕೇದಿಗೆ ಜಾತಿಯ ಗಿಡ ಬೇರು ಇಳಿಬಿಟ್ಟುಕೊಂಡು ನಿಂತಿತ್ತು. ಶಿರಸಿ ಮೂಸಿ ನೋಡಿ "ಹೂ ಇಲ್ಲೆ" ಅಂತ ಬಂದು ಮತ್ತೆ ಮಲಗಿದಳು. ಅಷ್ಟೇ ಆ ಬೆಳಗಿನ ದೊಡ್ಡ ಘಟನೆ. ಬಿಸಿಲು ಕಾಲಿಗೆ ಬಂದಾಗ ಚಾಪೆ ಎಳೆದುಕೊಂಡೆವು.

ಎಳನೀರು ಆರಿಸುವ ಕೆಲಸ ಮಾತ್ರ ನನಗೆ ಬಿತ್ತು. ತಿಪಟೂರಿನವಳು ಅಲ್ವಾ! ನಮ್ಮಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅಲ್ಲಾಡಿಸಿ ಒಳಗೇನಿದೆ ಹೇಳುವುದನ್ನು ಅಜ್ಜಿಯಿಂದ ಕಲಿತಿದ್ದೇನೆ. ಬಹಳ ಜಂಬದಿಂದ ನಾಲ್ಕು ಆರಿಸಿದೆ. ಮೂರರಲ್ಲಿ ಗಂಜಿ ದಪ್ಪ ಬಲಿತಿತ್ತು, ನೀರು ಉಪ್ಪುಪ್ಪು. ಅಂಗಡಿಯವನು ತಾನೇ ಒಂದು ಆರಿಸಿ ಕೊಚ್ಚಿಕೊಟ್ಟ. ಅದು ಸಕ್ಕರೆ. ಇದನ್ನು ಊರಲ್ಲಿ ಯಾರಿಗೂ ಹೇಳಿಲ್ಲ.

ಈ ದ್ವೀಪದಲ್ಲಿ ನೆಲೆ ನಿಂತವರಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ಬಂದ ಕುಟುಂಬದವರು. ತರಕಾರಿ ಚೆನ್ನಾಗಿ ಬೆಳೆಯುತ್ತಾರೆ. ಮಧ್ಯಾಹ್ನ ಊಟಕ್ಕೆ ಹೋದ ಸಣ್ಣ ಹೋಟೆಲಿನಲ್ಲಿ ದೀದಿಯೊಬ್ಬರು ಅನ್ನ, ಬೇಳೆ, ಮೀನಿನ ಸಾರು ಬಡಿಸಿದರು. ಮೀನು ಮುಟ್ಟದ ಗದಗಳಿಗೆ ದುಂಡಗೆ ಕೊಯ್ದು ಎಣ್ಣೆಯಲ್ಲಿ ಕರಿದ ಬದನೆಕಾಯಿ. ಅವಳು ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅದರ ಜೊತೆ ಹೊಡೆದಳು. ದೀದಿಗೂ ಒಂದು ರೊಟ್ಟಿ ಕೊಟ್ಟಳು. ಆಕೆ ಅದನ್ನು ಹಪ್ಪಳ ಅಂದುಕೊಂಡು ಕಟಕಟ ಅಂತ ಬರೀದೇ ತಿಂದರು.

ಮೂರಕ್ಕೆ ವಾಪಸ್ ಹೋದರೆ ಸಮುದ್ರವೇ ದೂರ ಸರಿದಿತ್ತು! ಬೆಳಗ್ಗೆ ಅಲೆ ಇದ್ದ ಜಾಗದಲ್ಲಿ ಹವಳದ ಕಲ್ಲು, ಅಲ್ಲಲ್ಲಿ ನೀರಿನ ಗುಂಡಿಗಳು. ಸೇತುವೆ ಅಂದರೆ ಯಾರೂ ಕಟ್ಟಿದ್ದಲ್ಲ, ಅಲೆ ಕೊರೆದು ಉಳಿಸಿದ ಕಲ್ಲಿನ ಕಮಾನು. ಹೌರಾ ಬ್ರಿಡ್ಜ್ ಅಂತಲೂ ಕರೆಯುತ್ತಾರೆ. ಕಮಾನಿಗಿಂತ ನನಗೆ ಗುಂಡಿಗಳೇ ಇಷ್ಟವಾದವು. ಒಂದರಲ್ಲಿ ಕಪ್ಪು ಸೌತೆಕಾಯಿ ಹಾಗೆ ಬಿದ್ದಿದ್ದ ಜೀವಿ ನಿಧಾನಕ್ಕೆ ಜರುಗುತ್ತಿತ್ತು. ಇನ್ನೊಂದರಲ್ಲಿ ನೀಲಿ ತುಟಿಯ ದೊಡ್ಡ ಚಿಪ್ಪು, ನಮ್ಮ ನೆರಳು ಬಿದ್ದ ಕೂಡಲೇ ಬಾಯಿ ಮುಚ್ಚಿತು. ಮಂಡ್ಯ ಮಗಳಿಗೆ ಅಂತ ಒಂದು ಚಂದದ ಶಂಖ ಎತ್ತಿಕೊಂಡಳು. ಅದಕ್ಕೆ ಕಾಲು ಬಂತು! ಒಳಗೆ ಏಡಿ ಸಂಸಾರ ಹೂಡಿತ್ತು. ಕಿರುಚಿ ಬಿಟ್ಟಳು. ನಮ್ಮ ಜೊತೆ ಬಂದಿದ್ದ ಗೈಡ್ ಹುಡುಗ ಅದನ್ನು ಮೆಲ್ಲಗೆ ನೀರಿಗೆ ಸೇರಿಸಿ, ಖಾಲಿ ಚಿಪ್ಪೂ ಒಯ್ಯಬೇಡಿ, ಏರ್‌ಪೋರ್ಟಿನಲ್ಲಿ ಹಿಡೀತಾರೆ ಅಂದ.

ಸೂರ್ಯ ಐದೂವರೆಗೆಲ್ಲ ಮುಳುಗಿದ. ಗಡಿಯಾರ ನಮ್ಮೂರಿನದೇ, ದ್ವೀಪ ಮಾತ್ರ ಅಷ್ಟು ಪೂರ್ವಕ್ಕಿದೆ. ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂದೆ. ಆರು ದಾಟುವಷ್ಟರಲ್ಲಿ ಕಗ್ಗತ್ತಲು, ಆಕಾಶದ ತುಂಬ ನಕ್ಷತ್ರ. ಮನೆಗೆ ಫೋನ್ ಮಾಡಿದೆ. ಅತ್ತೆ, "ಇನ್ನೂ ಬಿಸಿಲೈತೆ, ಹಸ ಬರ್ಲಿಲ್ಲ, ನಿಂದು ಊಟ ಆಯ್ತಾ ಅಂತ ಈಗ್ಲೇ ಏನ್ ಕೇಳ್ಲಿ" ಅಂದರು.

ಏಳಕ್ಕೇ ಎಲ್ಲರಿಗೂ ಆಕಳಿಕೆ. ಗದಗ ಫೋನ್ ವಾಪಸ್ ಇಸ್ಕೊಂಡು, "ನಾಳೆ ಐದಕ್ಕ ಸೀತಾಪುರ, ಸೂರ್ಯೋದಯ. ಯಾರ್ ಯಾರ್ ಬರ್ತೀರಿ, ಈಗ ಹೇಳ್ರಿ" ಅಂದಳು. ಮಂಡ್ಯ ಆಗಲೇ ಗೊರಕೆ ಹೊಡೆಯುತ್ತಿದ್ದಳು. ಶಿರಸಿ ಮಗ್ಗುಲು ಬದಲಿಸಿದಳು. ನಾನೂ ಸುಮ್ನೆ ಕಣ್ಣು ಮುಚ್ಚಿಕೊಂಡೆ.